ಕಿಟಕಿ ತೆಗೆದಿದ್ದೀರಾ?
ಜಪಾನಿನ ಶಿಜುವೊಕಾದ ಹಿಂಬೀದಿಯಲ್ಲಿ ಪುಟ್ಟ ವಿಮಾನ, ಹಡಗುಗಳ ಮಾದರಿ ಮಾರುವ ಕುರಾಮೊಚಿಯವರಿಗೆ ಕೋಪ ಮೂಗಿನ ತುದಿಯಲ್ಲೇ. "ಅಕ್ರಿಲಿಕ್ ಬಣ್ಣ ತೆಳು ಮಾಡೋಕೆ ಏನು ಬೆರೆಸಲಿ?" ಎಂದು ಗಿರಾಕಿ ಬಾಯಿ ತೆರೆದರೆ ಸಾಕು, ಸೀಸೆಗಳು ನಡುಗುವಂತೆ ಗುಡುಗುತ್ತಾರೆ: "ಯಾವ ಬಣ್ಣ ಅಂತ ಮೊದಲು ಹೇಳ್ರೀ! ಇದಕ್ಕೆ ಆಲ್ಕೋಹಾಲ್ ಒಗ್ಗುತ್ತೆ, ಅದಕ್ಕೆ ಹಾಕಿದ್ರೆ ಹಾಲು ಒಡೆದ ಹಾಗೆ ಒಡೆಯುತ್ತೆ!" ಸ್ಯಾನಿಟೈಸರ್ ಸುರಿದು ಬಣ್ಣ ಕೆಡಿಸಿಕೊಂಡು ಬಂದವನನ್ನು "ಸೋಯಾ ಸಾಸನ್ನೇ ಸುರೀಬೇಕಿತ್ತು" ಎಂದು ಬಾಗಿಲವರೆಗೂ ಅಟ್ಟಿಸಿಕೊಂಡು ಹೋಗುತ್ತಾರೆ. "ಕಿಟಕಿ ತೆಗೆದು ಬಣ್ಣ ಹೊಡೀತೀರಾ?" ಎಂಬುದು ಅವರ ಕೊನೆಯ ಪ್ರಶ್ನೆ; ಚಳಿ ಎಂದು ನೆಪ ಹೇಳಿದವರಿಗೆ ಸೀಸೆ ಕೊಡುವುದೇ ಇಲ್ಲ. "ಕೂತಿರೋದು ಮಾರೋಕೋ, ಬಯ್ಯೋಕೋ?" ಎಂದು ಹೆಂಡತಿ ಸಾಯೊ ಒಳಗಿಂದ ಗೊಣಗುತ್ತಾಳೆ. ಮೊನ್ನೆಯೂ ಒಬ್ಬನನ್ನು "ಮುಚ್ಚಿದ ಕೋಣೇಲಿ ತಿನ್ನರ್ ಬಳಸ್ತೀರಾ? ಮೂಗಿಲ್ವೇನ್ರೀ ನಿಮಗೆ?" ಎಂದು ಝಾಡಿಸುತ್ತಿದ್ದಾಗ, ಒಳಗೆ ಒಲೆಯ ಮೇಲಿದ್ದ ಮೀನು ಸೀದು ಅಂಗಡಿಯೆಲ್ಲ ನಾತ ಹರಡಿತು. ಸಾಯೊ ಒಲೆ ಆರಿಸಲು ಓಡಿದಳು. ಗಿರಾಕಿ ಮೂಗು ಮುಚ್ಚಿಕೊಂಡ. ಕಿಟಕಿಯಿಲ್ಲದ ಕೋಣೆಯಲ್ಲಿ ಹರೆಯವೆಲ್ಲ ಬಣ್ಣ ಹೊಡೆದು, ವಾಸನೆ ತಿಳಿಯುವ ಶಕ್ತಿಯನ್ನೇ ಕಳೆದುಕೊಂಡಿದ್ದ ಕುರಾಮೊಚಿಯವರು ಆ ಮುಚ್ಚಿದ ಮೂಗನ್ನು ಕಂಡು, "ನನ್ನೆದುರೇ ನನ್ನನ್ನ ಅಣಕಿಸ್ತೀಯಾ?" ಎಂದು ಉರಿದುಬಿದ್ದರು.