ಸದ್ದಿಗೆ ಮುಂಚೆ ಎದ್ದ ಕೈ

ದೆವ್ವ, ಶಕುನ ಇವನ್ನೆಲ್ಲ ನಾನು ನಂಬಿದವಳಲ್ಲ. ನಿಜ ಹೇಳಬೇಕೆಂದರೆ ಅನುಭವಸ್ಥರ ಕಿವಿಯನ್ನೂ ನಂಬಿದವಳಲ್ಲ. ಯಾವುದೇ ವಿದ್ಯುತ್ ಉಪಕರಣ ನಡೆಯುವಾಗ ಸುತ್ತಲಿನ ಗಾಳಿಗೆ ಒಂದಿಷ್ಟು ವಿದ್ಯುತ್ಕಾಂತೀಯ ಗದ್ದಲ ಬಿಡುತ್ತದೆ. ಅದು ಮಿತಿ ಮೀರಿದೆಯೇ ಎಂದು ಅಳೆಯುವುದು ನನ್ನ ಉದ್ಯೋಗ. ನಮ್ಮ ಲ್ಯಾಬಿನ ಹಿರಿಯರು ಸ್ಪೀಕರಿಗೆ ಕಿವಿಗೊಟ್ಟು ಗಂಟೆಗಟ್ಟಲೆ ಕೂರುತ್ತಿದ್ದರು. ಆ ಕೆಲಸವನ್ನು ಯಂತ್ರವೇ ಮಾಡುವಂತೆ ಪ್ರೋಗ್ರಾಂ ಬರೆದವಳು ನಾನು. ಅದರ ಜಂಬವೂ ಸ್ವಲ್ಪ ಹೆಚ್ಚೇ ಇತ್ತು.

ಕೆಲವು ವರ್ಷಗಳ ಹಿಂದೆ ಕಿಬ್ಬನಹಳ್ಳಿಯ ಗಿರಿಜಮ್ಮನವರು ಕರೆಸಿದರು. ತೋಟದ ಪಂಪ್‌ಸೆಟ್ಟಿಗೆ ಸ್ಟಾರ್ಟರ್ ಪೆಟ್ಟಿಗೆ ತಯಾರಿಸುವ ಸಣ್ಣ ವರ್ಕ್‌ಶಾಪು ಅವರದು. ಹೊಸ ಮಾದರಿಯ ಮೊದಲ ಪೆಟ್ಟಿಗೆಯನ್ನು ದಬ್ಬೇಘಟ್ಟದ ಒಂದು ತೆಂಗಿನ ತೋಟದಲ್ಲಿ ಹಾಕಿದ್ದರು. ನನ್ನ ವರದಿ ಸಿಕ್ಕರೆ ಮಾರಾಟ, ಇಲ್ಲದಿದ್ದರೆ ವರ್ಕ್‌ಶಾಪಿಗೆ ಬೀಗ.

ಬೆಳಿಗ್ಗೆ ತ್ರೀ ಫೇಸ್ ಕರೆಂಟು ಬರುತ್ತಲೇ ಆಂಟೆನಾ ನಿಲ್ಲಿಸಿ ಲ್ಯಾಪ್‌ಟಾಪ್ ತೆರೆದೆ. ಗಿರಿಜಮ್ಮ ತಮ್ಮ ಜೊತೆ ಷಡಕ್ಷರಪ್ಪ ಎಂಬ ಹಿರಿಯರನ್ನು ಕರೆತಂದಿದ್ದರು. ಜೀವಮಾನವೆಲ್ಲ ರೇಡಿಯೊ ರಿಪೇರಿ ಮಾಡಿದವರು.

"ನಿಮ್ ಮಿಶಿನ್ನು ನೋಡ್ಲಿ, ಇವ್ರ ಕಿವೀನೂ ಒಂದ್ಸಲಿ ಕೇಳ್ಲಿ ಮೇಡಂ" ಎಂದರು ಗಿರಿಜಮ್ಮ.

ಷಡಕ್ಷರಪ್ಪ ತೆಂಗಿನ ಮಟ್ಟೆಯ ರಾಶಿಯ ಮೇಲೆ ಕೂತು, ಯಾವ ಸ್ಟೇಷನ್ನೂ ಇಲ್ಲದ ಕಡೆ ಟ್ರಾನ್ಸಿಸ್ಟರಿನ ಮುಳ್ಳು ನಿಲ್ಲಿಸಿ ಕಣ್ಣು ಮುಚ್ಚಿದರು. ಪೆಟ್ಟಿಗೆಯೊಳಗೆ ಕಿಡಿ ಹಾರಿದರೆ ರೇಡಿಯೊ 'ಟಕ್' ಎನ್ನುತ್ತದೆ, ಆಗ ಕೈ ಎತ್ತುತ್ತೇನೆ ಎಂದರು. ಇವರ ಬಂಡವಾಳವನ್ನೂ ನೋಡಿಯೇ ಬಿಡೋಣ ಎಂದುಕೊಂಡು, ಅವರು ಕೈ ಎತ್ತಿದಾಗಲೆಲ್ಲ ಲ್ಯಾಪ್‌ಟಾಪಿನಲ್ಲಿ ಒಂದು ಗುರುತು ಹಾಕುತ್ತಾ ಬಂದೆ. ಯಂತ್ರ ಅದೇ ಗಡಿಯಾರದ ಪ್ರಕಾರ ತನ್ನ ಪಾಡಿಗೆ ಗದ್ದಲ ದಾಖಲಿಸುತ್ತಿತ್ತು. ರೇಡಿಯೊದ ಕೊರಕೊರದಲ್ಲಿ ನನಗಂತೂ ಏನೂ ಬೇರೆಯಾಗಿ ಕೇಳಿಸಲಿಲ್ಲ.

ಆರು ಸಲ ಕೈ ಎದ್ದಿತು. ಏಳನೆಯ ಸಲ ಎದ್ದಾಗ ಗಿರಿಜಮ್ಮ ಪೆಟ್ಟಿಗೆಯ ಬಾಗಿಲು ಮುಚ್ಚಲು ಹೋಗಿದ್ದರು. ಹಿರಿಯರು ಕಣ್ಣು ಬಿಟ್ಟು, "ಮುಟ್‌ಬ್ಯಾಡ ಕಣವ್ವ, ಜೋರಾಗ್ ಬಂತು" ಎಂದರು. ಆಕೆ ಹಿಂದೆ ಸರಿದರು. ಅರ್ಧ ಗಂಟೆ ಕಾದೆವು. ಏನೂ ಆಗಲಿಲ್ಲ, ಮೋಟಾರು ನೀರೆತ್ತುತ್ತಲೇ ಇತ್ತು. ಕೊನೆಗೆ ಕರೆಂಟೇ ಹೋಯಿತು. "ಬುಡವ್ವ, ವಯಸ್ಸಾಯ್ತು" ಎಂದು ಷಡಕ್ಷರಪ್ಪ ರೇಡಿಯೊ ಆರಿಸಿದರು. ಸುಳ್ಳೇಕೆ, ನನಗೆ ಒಳಗೊಳಗೇ ಖುಷಿಯಾಗಿತ್ತು.

ಮರುದಿನ ಲ್ಯಾಬಿನಲ್ಲಿ ದಾಖಲೆ ತೆರೆದರೆ ಆರು ಗುರುತಿಗೂ ಒಂದೊಂದು ಟಕ್ ಇತ್ತು. ಆದರೆ ಸದ್ದು ಬಂದ ಮೇಲೆ ತಾನೇ ಗುರುತು ಬೀಳಬೇಕು? ಇಲ್ಲಿ ಗುರುತು ಮೊದಲು, ಸದ್ದು ಆಮೇಲೆ. ಮೊದಲನೆಯದು ಮೂರು ಸೆಕೆಂಡು ತಡ, ಎರಡನೆಯದು ಹತ್ತು. ಹೀಗೇ ಬೆಳೆಯುತ್ತಾ ಆರನೆಯದು ಸುಮಾರು ಎರಡು ನಿಮಿಷ ತಡವಾಗಿ ಬಂದಿತ್ತು. ಏಳನೆಯ ಗುರುತಿನ ನಂತರ ಸದ್ದೇ ಇರಲಿಲ್ಲ.

ಗಡಿಯಾರ ನೋಡಿದೆ, ಪ್ರೋಗ್ರಾಮನ್ನು ಸಾಲು ಸಾಲಾಗಿ ಓದಿದೆ. ತಪ್ಪು ಸಿಗಲಿಲ್ಲ. ತಡೆಯಲಾರದೆ ಷಡಕ್ಷರಪ್ಪನವರ ಮನೆಗೇ ಹೋಗಿ ಕೇಳಿದೆ. "ಕೇಳಿದ್ ಮ್ಯಾಲೆ ತಾನೆ ಕೈ ಎತ್ತೋದು? ಕೇಳ್ದೆ ಯಾರಾದ್ರೂ ಎತ್ತಾರಾ?" ಎಂದು ನಕ್ಕರು. ಗಿರಿಜಮ್ಮನಿಗೂ ಹೇಳಿದೆ. ಅವರು ಪೆಟ್ಟಿಗೆಯನ್ನು ಪೂರ್ತಿ ಬಿಚ್ಚಿ ನೋಡಿದರು. ಎಲ್ಲಿಯೂ ಸುಟ್ಟ ಕಲೆಯಿಲ್ಲ.

ಅಪರೂಪಕ್ಕೊಮ್ಮೆ ಬರುವ ಟಕ್ಕಿಗೆ ನಿಯಮದಲ್ಲೇ ವಿನಾಯಿತಿ ಉಂಟು. ಯಂತ್ರ ಪಾಸ್ ಎಂದಿತು. ಇನ್ನೂ ಬಾರದ ಸದ್ದನ್ನು ವರದಿಯ ಯಾವ ಕಾಲಮ್ಮಿನಲ್ಲಿ ಬರೆಯಲಿ? ಸಹಿ ಹಾಕಿದೆ. ಅವತ್ತಿನಿಂದ ನೆಮ್ಮದಿ ಇಲ್ಲ.

ಆ ಪೆಟ್ಟಿಗೆ ಇವತ್ತಿಗೂ ಅದೇ ತೋಟದಲ್ಲಿದೆ. ಮೊದಲ ಪೆಟ್ಟಿಗೆ ಎಂಬ ಅಕ್ಕರೆಗೆ ಗಿರಿಜಮ್ಮ ತಾವೇ ಹೋಗಿ ಅದರ ಧೂಳು ಒರೆಸಿ ಬರುತ್ತಾರೆ. ಮೈನ್ ಆಫ್ ಮಾಡದೆ ಬಾಗಿಲು ತೆಗೆಯಬೇಡಿ ಎಂದು ನಾನು ಎಷ್ಟು ಸಲ ಹೇಳಿದ್ದೇನೋ. "ಅದೇನ್ ಮೇಡಂ, ಅದ್ನೇ ಹೇಳ್ತೀರಿ" ಎಂದು ನಗುತ್ತಾರೆ. ಅವರ ನಂಬರಿನಿಂದ ಫೋನ್ ಬಂದರೆ, ಮಾತಾಡುತ್ತಿರುವುದು ಅವರೇ ಎಂದು ಗೊತ್ತಾಗುವವರೆಗೂ ನಾನು ಉಸಿರು ಬಿಡುವುದಿಲ್ಲ.