ಎರಡು ಸಲ ಓದಿಸಿದವಳು

ಹೋದ ತಿಂಗಳು ಅಮ್ಮನ ಯಾವುದೋ ಕಾಗದದ ಕೆಲಸಕ್ಕೆಂದು ಚಿಕ್ಕೋಡಿಯ ಕಚೇರಿಯೊಂದರಲ್ಲಿ ಕುಳಿತಿದ್ದೆ. ನಮಗಿಂತ ಮುಂದಿದ್ದ ಮುದುಕಿಯ ಹೆಬ್ಬೆರಳನ್ನು ಯಂತ್ರ ಗುರುತಿಸಲೇ ಇಲ್ಲ. ಒರೆಸಿ ಒತ್ತಿಸಿದರು, ಒದ್ದೆ ಮಾಡಿ ಒತ್ತಿಸಿದರು. ಬೆರಳಿನ ಗೆರೆಗಳೆಲ್ಲ ಎಂದೋ ಸವೆದು ಹೋಗಿದ್ದವು. ಕೊನೆಗೆ ಗುಮಾಸ್ತ ಬೇಸರದಿಂದ ಕೆಳಗಿನ ಡ್ರಾವರಿನೊಳಗಿಂದ ಸ್ಟ್ಯಾಂಪ್ ಪ್ಯಾಡ್ ತೆಗೆದು ಮುಚ್ಚಳ ಬಿಚ್ಚಿದ. ಆ ನೀಲಿ ಶಾಯಿಯ ವಾಸನೆ... ಮುದುಕಿ ಹೆಬ್ಬೆಟ್ಟು ಒತ್ತಿ, ಬೆರಳನ್ನು ತಲೆಗೂದಲಿಗೆ ಒರೆಸಿಕೊಂಡು ಎದ್ದಳು. ನಾನು ಮಾತ್ರ ಎಷ್ಟೋ ಹೊತ್ತು ಆ ಪ್ಯಾಡನ್ನೇ ನೋಡುತ್ತ ಕುಳಿತಿದ್ದೆ. ನನಗೆ ನೆನಪಾದವಳು ಹೆಬ್ಬೆಟ್ಟು ಒತ್ತಲು ಒಪ್ಪದೆ ನನ್ನನ್ನು ಕಾಡಿದ ಒಬ್ಬ ಹೆಂಗಸು.

ನಾನಾಗ ಅಥಣಿ ಕಡೆಯ ದೊಡ್ಡದೊಂದು ಕಬ್ಬಿನ ಸಂಶೋಧನಾ ಸಂಸ್ಥೆಗೆ ಹೊಸದಾಗಿ ಸೇರಿದ್ದೆ. ನೂರಾರು ಎಕರೆ ಹೊಲ, ಮಣ್ಣು ಪರೀಕ್ಷೆಯ ಲ್ಯಾಬು, ಸಸಿ ಬೆಳೆಸುವ ಗಾಜಿನ ಕೋಣೆಗಳು, ವರ್ಕ್‌ಶಾಪು, ಔಷಧಿಯ ಗೋದಾಮು ಎಲ್ಲ ಇದ್ದವು. ಕೆಲಸದ ಜಾಗದಲ್ಲಿ ಜನರಿಗೆ ಅಪಾಯ ಆಗದಂತೆ ನೋಡಿಕೊಳ್ಳುವ ವ್ಯವಸ್ಥೆ ಮಾತ್ರ ಇರಲಿಲ್ಲ. ಅದನ್ನು ಮೊದಲಿನಿಂದ ಕಟ್ಟಬೇಕೆಂದು ನನ್ನನ್ನು ತೆಗೆದುಕೊಂಡಿದ್ದರು. ಸುರಕ್ಷತಾ ಘಟಕ ಎಂದು ಬಾಗಿಲಿಗೆ ಬೋರ್ಡು ಹಾಕಿದರು. ಒಳಗೆ ಇದ್ದದ್ದು ಒಂದು ಮೇಜು, ಒಂದು ಕಪಾಟು ಮತ್ತು ನಾನು.

ಮೊದಲ ಮೂರು ತಿಂಗಳು ಒಂದು ನೋಟ್‌ಬುಕ್ ಹಿಡಿದು ತಿರುಗಿದೆ. ಎಲ್ಲಿ ಏನು ಬೀಳಬಹುದು, ಏನು ಸುಡಬಹುದು, ಏನು ಚೆಲ್ಲಬಹುದು ಎಂದು ಬರೆದುಕೊಂಡೆ. ನಾನು ಹೋದಲ್ಲೆಲ್ಲ ಮಾತು ನಿಲ್ಲುತ್ತಿತ್ತು. ವರ್ಕ್‌ಶಾಪಿನವರು ಏನನ್ನೋ ಬಟ್ಟೆ ಹಾಕಿ ಮುಚ್ಚುತ್ತಿದ್ದರು. ಲ್ಯಾಬಿನವರು ಅತಿಯಾದ ಮರ್ಯಾದೆಯಿಂದ ಚಹಾ ತರಿಸಿ, ಚಹಾ ಮುಗಿಯುವ ತನಕ ಬೇರೆ ಊರಿನ ಸುದ್ದಿ ಹೇಳುತ್ತಿದ್ದರು. ಮೇಲಿನವರಿಗೆ ಚಾಡಿ ಹೇಳಲು ಇಟ್ಟುಕೊಂಡ ಹುಡುಗಿ ಎಂದೇ ಎಲ್ಲರ ಲೆಕ್ಕ. ನನಗೂ ಕ್ರಮೇಣ ಎಲ್ಲರ ಮೇಲೆ ಅನುಮಾನ ಹತ್ತಿತು. ಯಾರಾದರೂ ನಕ್ಕರೆ ಏನೋ ಮುಚ್ಚಿಡುತ್ತಿದ್ದಾರೆ ಅನ್ನಿಸುತ್ತಿತ್ತು.

ಬೀಜೋಪಚಾರದ ಶೆಡ್ಡಿಗೆ ನಾನು ಹೋದದ್ದು ಎಲ್ಲಕ್ಕಿಂತ ಕೊನೆಗೆ. ನಾಟಿಗೆ ಮುಂಚೆ ಕಬ್ಬಿನ ತುಂಡುಗಳನ್ನು ಔಷಧಿ ನೀರಿನಲ್ಲಿ ಅದ್ದಿ ತೆಗೆಯುವ ಜಾಗ ಅದು. ಸಿಮೆಂಟಿನ ಆಳವಾದ ತೊಟ್ಟಿಗಳು, ಸುತ್ತ ಬಗ್ಗಿ ನಿಂತ ಮೂವತ್ತು ಹೆಂಗಸರು, ಮೂಗಿಗೆ ಅಡರುವ ಘಾಟು. ಎಲ್ಲರೂ ಬರಿಗೈಯಲ್ಲಿ ಅದ್ದುತ್ತಿದ್ದರು. ಅವರಲ್ಲಿ ಹಿರಿಯಳು ಈಕೆ. ಶೆಡ್ಡಿನವರೆಲ್ಲರ ಬಾಯಲ್ಲಿ ಮಾವಶಿ, ಚಿಕ್ಕಮ್ಮ. ನಾನೂ ಹಾಗೇ ಕರೆದೆ. ಗಿಡ್ಡ ಹೆಂಗಸು, ನೆರೆತ ಕೂದಲು, ಕಚ್ಚೆ ಹಾಕಿ ಉಟ್ಟ ಸೀರೆ, ಸುಟ್ಟ ತಂಬಾಕಿನ ಮಿಶ್ರಿ ತಿಕ್ಕಿ ಕಪ್ಪಾದ ಹಲ್ಲು. ಯಾರು ಏನು ಹೇಳಿದರೂ ತಲೆ ಸ್ವಲ್ಪ ಓರೆ ಮಾಡಿ, ಹೇಳಿದವರ ಮುಖವನ್ನಲ್ಲ, ಕೈಯನ್ನು ನೋಡುತ್ತಿದ್ದಳು.

ನಾನು ಹಟ ಹಿಡಿದು ಎಲ್ಲರಿಗೂ ರಬ್ಬರಿನ ಕೈಗವಸು ತರಿಸಿದೆ. ಖರೀದಿ ವಿಭಾಗದವರು ಒಂದೇ ಅಳತೆಯವನ್ನು, ಮಣಿಕಟ್ಟಿಗೆ ನಿಲ್ಲುವಂಥವನ್ನು ತರಿಸಿ ಕೈತೊಳೆದುಕೊಂಡರು. ನನಗೆ ಅದೇ ದೊಡ್ಡ ಗೆಲುವಾಗಿ ಕಂಡಿತ್ತು. ಒಂದು ಪಟ್ಟಿ ಮಾಡಿ, ಕೈಗವಸು ತಲುಪಿದೆ, ಬಳಸುವ ಬಗೆಯನ್ನು ತಿಳಿಸಿದ್ದಾರೆ ಎಂದು ಟೈಪು ಮಾಡಿಸಿ, ಸ್ಟ್ಯಾಂಪ್ ಪ್ಯಾಡ್ ಹಿಡಿದುಕೊಂಡು ಹೋದೆ.

"ಇದರಾಗ ಏನ ಬರದೈತ್ರಿ ಬಾಯಾರ?" ಎಂದಳು ಮಾವಶಿ.

"ಗ್ಲೌಸ್ ಕೊಟ್ಟಾರ ಅಂತ ಬರದೈತಿ ಮಾವಶಿ. ನಿಮ್ಮ ಒಳ್ಳೇದಕ್ಕ ಐತಿ, ಒತ್ತರಿ."

"ನಮ್ಮ ಒಳ್ಳೇದಕ್ಕಂದ್ರ ಕಾಗದ ನಮ್ಮ ಕಡೆ ಇರಬೇಕಿತ್ತಲ್ರಿ. ನಿಮ್ಮ ಕಪಾಟನ್ಯಾಗ ಯಾಕ ಇಡತೀರಿ?"

ಕಚೇರಿಯ ಪದ್ಧತಿ ಎಂದೇನೋ ಹೇಳಿದೆ. ಆಕೆ ತಲೆ ಓರೆ ಮಾಡಿ ನನ್ನ ಕೈಯಲ್ಲಿದ್ದ ಪ್ಯಾಡನ್ನು ನೋಡಿ, ತೊಟ್ಟಿಯತ್ತ ತಿರುಗಿಬಿಟ್ಟಳು. ಅರ್ಧ ಹೆಂಗಸರು ಆಕೆಯ ಹಿಂದೆ ಹೋದರು. ಇನ್ನರ್ಧ, ನನ್ನ ಮುಖ ನೋಡಿ ಪಾಪ ಅನ್ನಿಸಿತೋ ಏನೋ, ಒತ್ತಿದರು. ಶೇಡಬಾಳ ಕಡೆಯಿಂದ ಬರುತ್ತಿದ್ದ ಶಾಂತವ್ವ ಎಂಬಾಕೆ ಎಲ್ಲರಿಗಿಂತ ಮೊದಲು ಒತ್ತಿ, "ನೀವೇನ ನಮಗ ಕೆಟ್ಟ ಮಾಡವ್ರೇನ್ರಿ" ಎಂದು ನಕ್ಕಳು.

ಶೆಡ್ಡಿನ ಹೊಣೆ ಹೊತ್ತಿದ್ದ ವಿಭಾಗದ ಮುಖ್ಯಸ್ಥರಿಗೆ ದೂರು ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ, ದನಿ ಇಳಿಸಿ ಹೇಳಿದರು. "ಹುಷಾರಿರ್ರಿ ಮೇಡಂ. ಆಕಿ ಮೊದಲ ನಿಪ್ಪಾಣ್ಯಾಗ ತಂಬಾಕಿನ ಚೀಲಾ ಒಟ್ಟುವ ವಖಾರದಾಗ ಇದ್ದಾಕಿ. ಮೋರ್ಚಾ, ಸಂಪು ಎಲ್ಲಾ ನೋಡಿ ಬಂದಾಳ. ಆಕಿ ಹಿಂದ ಯಾರೋ ಅದಾರ."

ಅಂದಿನಿಂದ ನಾನು ಆಕೆಯ ಮೇಲೆ ಕಣ್ಣಿಟ್ಟೆ. ಯಾರ ಜೊತೆ ಊಟಕ್ಕೆ ಕೂಡುತ್ತಾಳೆ, ಯಾರಿಗೆ ಏನು ಪಿಸುಗುಡುತ್ತಾಳೆ... ನೋಟ್‌ಬುಕ್ಕಿನಲ್ಲಿ ಅಪಾಯಗಳ ಪಟ್ಟಿಯ ನಡುವೆ ಆಕೆಯದೂ ಒಂದು ಪುಟವಾಯಿತು. ಈಗ ಅದನ್ನು ನೆನೆದರೆ ಮೈ ಮುದುಡುತ್ತದೆ. ಒಂದು ಸಂಜೆ ಕೆಲಸ ಬಿಡುವ ಹೊತ್ತಿಗೆ ಆಕೆ ಒಂದು ಜೊತೆ ಹೊಸ ಕೈಗವಸನ್ನು ಸುತ್ತಿ ಬುತ್ತಿಯ ಚೀಲಕ್ಕೆ ತುರುಕಿದ್ದನ್ನು ಕಣ್ಣಾರೆ ಕಂಡೆ. ಕಳ್ಳಿ, ಎಂದುಕೊಂಡೆ. ಮುಂದೆಂದಾದರೂ ಬೇಕಾಗಬಹುದು ಎಂದು ಬರೆದಿಟ್ಟೆ.

ಒಮ್ಮೆ ಆಕೆಯೇ ನನ್ನನ್ನು ತೊಟ್ಟಿಯ ಹತ್ತಿರ ಕರೆದು ಹೇಳಿದ್ದಳು. "ಬರಿಗೈ ಇದ್ರ ತೊಳಕೊಂಡ ಬಿಡತೀವ್ರಿ. ಇದನ್ನ ಹಾಕ್ಕೊಂಡ ಬಗ್ಗಿದ್ರ ಔಷಧ ಒಳಗ ಇಳೀತೈತಿ, ಸಂಜಿ ಮಟಾ ಒಳಗ ನಿಂತಿರತೈತಿ." ನಾನು ನಂಬಲಿಲ್ಲ. ಹಾಕಿಕೊಳ್ಳಲು ಮನಸ್ಸಿಲ್ಲದವರು ನೂರು ನೆಪ ಹೇಳುತ್ತಾರೆ ಎಂದು ತರಬೇತಿಯಲ್ಲಿ ನನಗೆ ಹೇಳಿಕೊಟ್ಟಿದ್ದರು.

ನಾಟಿಯ ಭರಾಟೆಯ ದಿನಗಳಲ್ಲಿ ಶಾಂತವ್ವ ಬಿದ್ದಳು. ಮಧ್ಯಾಹ್ನ ಊಟಕ್ಕೆ ಎದ್ದವಳಿಗೆ ಕಣ್ಣು ಮಂಜಾಯಿತಂತೆ. ನಾನು ಓಡಿ ಹೋಗುವಷ್ಟರಲ್ಲಿ ಮೈಯೆಲ್ಲ ಬೆವರು, ಬಾಯಿಂದ ಜೊಲ್ಲು, ವಾಂತಿ. ಮಾವಶಿ ಆಕೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, ಕೈಗವಸನ್ನು ಹಲ್ಲಿನಿಂದ ಎಳೆಯಲು ಹೋಗಿ ಏನೋ ನೆನಪಾದವಳಂತೆ ಬಿಟ್ಟು, ಕುಡುಗೋಲಿನಿಂದ ಕತ್ತರಿಸಿ ತೆಗೆದಳು. ಕೈ ಬಿಳುಚಿ, ನೀರಲ್ಲಿ ನೆನೆದ ಕಾಗದದಂತೆ ಸುಕ್ಕಾಗಿತ್ತು. ಸಂಸ್ಥೆಯ ಜೀಪಿನಲ್ಲಿ ಅಥಣಿಗೆ, ಅಲ್ಲಿಂದ ಮಿರಜಿಗೆ ಒಯ್ದರು. ಮೂರು ದಿನ ಏನೂ ಹೇಳಲಾಗದು ಎಂದರು ಡಾಕ್ಟರು.

ಆ ಮೂರು ದಿನಗಳೊಳಗೇ ವರದಿ ಬೇಕೆಂದು ಮುಖ್ಯಸ್ಥರು ಕುಳಿತರು. ಶಾಂತವ್ವನ ಹೆಬ್ಬೆಟ್ಟಿದ್ದ ಪಟ್ಟಿಯನ್ನು ಕಪಾಟಿನಿಂದ ತೆಗೆಸಿ ನನ್ನ ಮುಂದಿಟ್ಟು, "ಇದ ಇರಲಿಲ್ಲಂದ್ರ ನಾವು ಸತ್ತಿರತಿದ್ವಿ ಮೇಡಂ. ನೀವ ಭಾಳ ಛಲೋ ಕೆಲಸಾ ಮಾಡೀರಿ" ಎಂದರು. ನಾನು ಬರೆದೆ. ಕೈಗವಸು ನೀಡಲಾಗಿತ್ತು, ತರಬೇತಿಯನ್ನೂ ನೀಡಲಾಗಿತ್ತು, ಕೆಲಸಗಾರ್ತಿಯು ಸೂಚನೆಯನ್ನು ಸರಿಯಾಗಿ ಪಾಲಿಸದ ಕಾರಣ ಈ ಘಟನೆ ನಡೆದಿದೆ ಎಂದು ಬರೆದೆ. ಯಾರೂ ನನ್ನ ಕೈ ಹಿಡಿದು ಬರೆಸಲಿಲ್ಲ. ಹೊಸ ನೌಕರಿ, ಹೊಸ ಹೆಸರು... ಹೆದರಿಕೆ ಇತ್ತು ಎಂದಷ್ಟೇ ಹೇಳಬಲ್ಲೆ.

ಮಾರನೇ ದಿನ ಬೆಳಗ್ಗೆ ಮಾವಶಿ ನನ್ನ ಕೋಣೆಗೆ ಬಂದಳು. ಅಲ್ಲಿಯತನಕ ಆಕೆ ಹೊಸ್ತಿಲು ದಾಟಿರಲಿಲ್ಲ. ಕುರ್ಚಿ ತೋರಿಸಿದರೂ ಕೂಡಲಿಲ್ಲ.

"ಶಾಂತವ್ವನ ಬಗ್ಗೆ ಏನೋ ಬರದೀರಂತಲ್ರಿ. ಓದಿ ಹೇಳ್ರಿ."

ಆಕೆಗೆ ಓದಲು ಬಾರದು ಎಂದು ನನಗೆ ಗೊತ್ತಿತ್ತು. ಕಾಗದವನ್ನು ಎತ್ತಿ ಹಿಡಿದು ಓದಿದೆ. ಆ ಸಾಲು ಬಂದಾಗ ನಾಲಿಗೆ ತಾನೇ ಹೊರಳಿತು. ಶೆಡ್ಡಿನಲ್ಲಿ ಗಾಳಿ ಸರಿಯಾಗಿ ಆಡದ ಕಾರಣ ಹೀಗಾಗಿದೆ ಎಂದು ಓದಿದೆ. ಆಕೆ ತಲೆ ಓರೆ ಮಾಡಿ ಕೇಳಿದಳು. ಕಾಗದ ಹಿಡಿದ ನನ್ನ ಕೈಯನ್ನು ನೋಡಿ, "ಇನ್ನೊಮ್ಮಿ ಓದ್ರಿ ಬಾಯಾರ" ಎಂದಳು.

ಮತ್ತೆ ಓದಿದೆ. ಮೊದಲು ಏನೆಂದಿದ್ದೆ ಎಂಬುದು ಗಾಬರಿಯಲ್ಲಿ ಮರೆತುಹೋಗಿತ್ತು. ಔಷಧಿಯ ಪ್ರಮಾಣ ಹೆಚ್ಚಾದ ಕಾರಣ, ಎಂದೆ.

"ಮೊದಲ ಗಾಳಿ ಅಂದ್ರಿ. ಈಗ ಔಷಧ ಅಂತೀರಿ" ಎಂದಳು ಮಾವಶಿ. ದನಿ ಏರಲಿಲ್ಲ. "ಕಾಗದದಾಗ ಎರಡೂ ಅದಾವೋ, ಇಲ್ಲಾ ಎರಡೂ ಇಲ್ಲೋ?"

ನಾನು ಕಾಗದ ಕೆಳಗಿಟ್ಟೆ. ಆಕೆ ಬುತ್ತಿಯ ಚೀಲದಿಂದ ಆ ಜೊತೆ ಕೈಗವಸನ್ನು ತೆಗೆದು ನನ್ನ ಮೇಜಿನ ಮೇಲೆ ಹಾಕಿದಳು. ಒಳಗೆಲ್ಲ ಹಳದಿ. ತನ್ನ ಅಂಗೈಯನ್ನೂ ಚಾಚಿದಳು, ಅದೂ ಹಳದಿ. "ಬಕೀಟನ್ಯಾಗ ಅರಿಶಿಣ ಕಲಿಸಿ, ಇದನ್ನ ಹಾಕ್ಕೊಂಡ ಅದ್ದಿ ನೋಡೇನ್ರಿ. ನಾಕ ದಿನಾ ನೋಡೇನಿ. ದಿನಾ ಹಿಂಗ. ನಾನೂ ಸಂಶೋಧನಾ ಮಾಡೇನಂತ ಬರಕೋರಿ." ಇಷ್ಟು ಹೇಳಿ ಹೊರಟುಹೋದಳು. ನಾನು ಕಳ್ಳತನವೆಂದು ಬರೆದಿಟ್ಟಿದ್ದು ಇದನ್ನು.

ಆ ದಿನ ನಾನು ಊಟ ಮಾಡಲಿಲ್ಲ. ವರದಿಯನ್ನು ಹರಿದು ಹಾಕಿ ಮತ್ತೊಂದು ಬರೆದೆ. ಸಂಜೆ ನಿರ್ದೇಶಕರ ಸಭೆಗೆ ಹೋಗುವಾಗ ಒಂದು ಬಕೆಟ್ಟಿನ ತುಂಬ ಅರಿಶಿಣದ ನೀರು, ತಳಕ್ಕೆ ಒಂದು ಕಬ್ಬಿನ ತುಂಡು ಹಾಕಿ ಒಯ್ದೆ. ವಿಭಾಗದ ಮುಖ್ಯಸ್ಥರಿಗೆ ಹೊಸ ಕೈಗವಸು ಕೊಟ್ಟು, ಆ ತುಂಡನ್ನು ತೆಗೆದುಕೊಡಿರೆಂದು ಕೇಳಿದೆ. ಅವರು ನಗುತ್ತ ಕೈ ಹಾಕಿದರು. ಕೈಗವಸು ಕಳಚಿದಾಗ ನಗು ನಿಂತಿತ್ತು. ಬೆರಳತುದಿಯಿಂದ ಮಣಿಕಟ್ಟಿನ ತನಕ ಹಳದಿ. ಕರವಸ್ತ್ರದಿಂದ ಒರೆಸಿದರು, ಹೋಗಲಿಲ್ಲ. ಉಳಿದ ಸಭೆಯ ತುಂಬ ಅವರು ಆ ಕೈಯನ್ನು ಮೇಜಿನ ಕೆಳಗೇ ಇಟ್ಟುಕೊಂಡಿದ್ದರು. ಆಮೇಲೆ ವರ್ಷಗಟ್ಟಲೆ ನನ್ನ ಜೊತೆ ಮಾತಾಡಲಿಲ್ಲ.

ಶಾಂತವ್ವ ಬದುಕಿ ಬಂದಳು. ಬೆರಳು ಜುಮ್ಮೆನ್ನುವುದು ಹೋಗಲಿಲ್ಲವಾದ್ದರಿಂದ ಸಸಿಗಳ ಕಡೆ ಹಾಕಿದರು. ವರ್ಕ್‌ಶಾಪಿನವರು ತೂತುಗಳಿದ್ದ ಕಬ್ಬಿಣದ ಬುಟ್ಟಿ ಮಾಡಿ, ಸರಪಳಿಯಿಂದ ತೊಟ್ಟಿಗೆ ಇಳಿಸಿ ಎತ್ತುವ ರಾಟೆ ಕೂರಿಸಿದರು. ಕೈ ಅದ್ದುವ ಕೆಲಸವೇ ತಪ್ಪಿತು. ಏನನ್ನು ತೊಡಿಸಬೇಕು ಎಂದು ಕೇಳುವ ಮೊದಲು, ಕೈ ಅಲ್ಲಿಗೆ ಯಾಕೆ ಹೋಗಬೇಕು ಎಂದು ಕೇಳಬೇಕಾಗಿತ್ತು. ಓದಿ ಪರೀಕ್ಷೆ ಬರೆದು ಪಾಸಾದ ನನಗೆ ಅದು ಗೊತ್ತಿತ್ತು. ನೆನಪಾಗಿರಲಿಲ್ಲ, ಅಷ್ಟೆ. ಕಾಗದಗಳಿಗೂ ಹೊಸ ನಿಯಮ ಮಾಡಿದೆ. ಯಾವುದನ್ನೇ ಆಗಲಿ ಇಬ್ಬರು ಬೇರೆ ಬೇರೆಯಾಗಿ ಎರಡು ಸಲ ಓದಿ ಹೇಳಬೇಕು, ಮೊದಲು ಮೇಲಿನವರು ಸಹಿ ಮಾಡಬೇಕು, ಒಂದು ಪ್ರತಿ ಕೆಲಸಗಾರರ ಕೈಗೆ ಹೋಗಬೇಕು.

ಹೊಸ ಕಾಗದವನ್ನು ಮೊದಲು ಮಾವಶಿಯ ಹತ್ತಿರವೇ ಒಯ್ದೆ. ಆಕೆ ನನ್ನಿಂದ ಓದಿಸಿದಳು, ಗೇಟಿನ ವಾಚಮನ್ನನಿಂದ ಓದಿಸಿದಳು. ಅಷ್ಟಕ್ಕೇ ಬಿಡದೆ ಮನೆಗೆ ಒಯ್ದು ಮರುದಿನ ತಂದಳು. ಆಮೇಲೆ ಒತ್ತಿದಳು. ನಾನು ತಡೆಯಲಾರದೆ ಕೇಳಿಬಿಟ್ಟೆ.

"ಮಾವಶಿ, ನನ್ನ ಮ್ಯಾಲ ಇನ್ನೂ ಸಿಟ್ಟ ಐತೇನ್ರಿ?"

"ಸಿಟ್ಟಿಲ್ರಿ" ಎಂದಳು, ಕಾಗದದ ಪ್ರತಿಯನ್ನು ಮಡಿಸಿ ಚೀಲಕ್ಕೆ ಹಾಕುತ್ತ. "ಖರೇ, ನಂಬಿಕೀನೂ ಇಲ್ಲ."

ಆಮೇಲೂ ಐದಾರು ವರ್ಷ ಆಕೆ ಅಲ್ಲಿದ್ದಳು. ಹಬ್ಬಕ್ಕೆ ನಾನು ಕೊಟ್ಟ ಹೋಳಿಗೆ ತಿಂದಳು, ನನ್ನ ಮದುವೆಗೆ ಬಂದು ಅಕ್ಕಿಕಾಳು ಹಾಕಿದಳು. ಆದರೆ ನಾನು ಓದಿದ ಯಾವ ಕಾಗದವನ್ನೂ ಇನ್ನೊಬ್ಬರಿಂದ ಓದಿಸದೆ ಬಿಡಲಿಲ್ಲ. ನಿಪ್ಪಾಣಿಯ ವಖಾರದಲ್ಲಿ ಒಂದರ ಮೇಲೊಂದು ಒಟ್ಟಿದ್ದ ಚೀಲದ ಥಪ್ಪಿ ಉರುಳಿ ಆಕೆಯ ನೆಗೆಣ್ಣಿ ಸೊಂಟ ಮುರಿದುಕೊಂಡದ್ದು, ಬೇಡವೆಂದರೂ ತಾನೇ ಹತ್ತಿದೆ ಎಂಬ ಕಾಗದಕ್ಕೆ ವಖಾರದವರು ಆ ನೆಗೆಣ್ಣಿಯಿಂದ ಆಸ್ಪತ್ರೆಯ ಮಂಚದಲ್ಲೇ ಹೆಬ್ಬೆಟ್ಟು ಒತ್ತಿಸಿಕೊಂಡದ್ದು, ಇದನ್ನೆಲ್ಲ ನನಗೆ ಹೇಳಿದವಳು ಶಾಂತವ್ವ. ಆ ಕಾಗದವನ್ನು ಒಮ್ಮೆ ಓದಿ ಹೇಳಿದ್ದರಂತೆ. ಒಂದೇ ಸಲ...

ಕೆಲಸ ಬಿಟ್ಟ ಮೇಲೆ ಮಾವಶಿ ಹೆಚ್ಚು ದಿನ ಉಳಿಯಲಿಲ್ಲ. ನನಗೆ ಸುದ್ದಿ ತಿಳಿದದ್ದು ತಿಂಗಳಾದ ಮೇಲೆ. ಕಾಗವಾಡದ ಹತ್ತಿರದ ಆಕೆಯ ಮನೆಗೆ ಹೋದಾಗ ಸೊಸೆ ನೀರು ಕೊಟ್ಟು ಮಾತಾಡಿಸಿದಳು. ಅತ್ತೆಯ ಕಾಗದಗಳು ಒಂದು ಪ್ಲಾಸ್ಟಿಕ್ ಚೀಲದಲ್ಲಿವೆ, ಏನು ಮಾಡಬೇಕೋ ತಿಳಿಯದು ಎಂದು ತಂದಳು. ನಾನು ಸಂಸ್ಥೆಯವಳು ಎಂದ ಕೂಡಲೇ ಚಾಚಿದ ಕೈ ಹಿಂದಕ್ಕೆ ಹೋಯಿತು.

"ಓದಿ ಹೇಳತೇನಿ, ಕೊಡವಾ" ಎಂದೆ.

"ಬ್ಯಾಡ್ರಿ" ಎಂದಳು, ಚೀಲವನ್ನು ಎದೆಗೆ ಒತ್ತಿಕೊಂಡು. "ಮಗಳು ಸಾಲಿಗೆ ಹೋಗ್ಯಾಳ. ಬಂದ್ ಓದತಾಳ."

ಆ ಶೆಡ್ಡಿನಲ್ಲಿ ಈಗ ಎಲ್ಲ ಹೊಸ ಹೆಂಗಸರು. ಘಟಕದಲ್ಲಿ ಐದು ಜನರಿದ್ದೇವೆ, ಬೇರೆ ಸಂಸ್ಥೆಗಳವರು ಬಂದು ನಮ್ಮ ಪದ್ಧತಿಯನ್ನು ನೋಡಿ ಬರೆದುಕೊಂಡು ಹೋಗುತ್ತಾರೆ. ನಾನು ಕಾಗದ ಓದುತ್ತೇನೆ, ಎಲ್ಲರೂ ತಲೆಯಾಡಿಸುತ್ತಾರೆ. ನಿಯಮದಂತೆ ಎರಡನೇ ಸಲ ಇನ್ನೊಬ್ಬರು ಓದುವಾಗ ಅರ್ಧ ಜನ ಬುತ್ತಿ ಬಿಚ್ಚಿರುತ್ತಾರೆ. "ಸಾಕ ಬಿಡ್ರಿ, ಬಾಯಾರು ಹೇಳ್ಯಾರಲ್ಲ" ಎನ್ನುತ್ತಾರೆ. ಅವರೆಲ್ಲ ನನ್ನನ್ನು ನಂಬುತ್ತಾರೆ. ನಾನು ಒಂದು ಬೆಳಗ್ಗೆ ಏನು ಓದಿದ್ದೆ ಎಂದು ಬಲ್ಲ ಹೆಂಗಸು ಮಾತ್ರ ಈಗ ಇಲ್ಲ.