ಅರ್ಧ ಸುತ್ತು ಸಡಿಲ

ಹೊಸ ತಿಪ್ಪಸಂದ್ರದ ಮಾರ್ಕೆಟ್ ರಸ್ತೆಗೆ ಇಳಿಯುವ ಒಂದು ಅಡ್ಡರಸ್ತೆಯಲ್ಲಿ ನಮ್ಮ ಬೂಮ್ ಲಿಫ್ಟ್ ಏರು ಹತ್ತುತ್ತಾ ಅರ್ಧಕ್ಕೇ ನಿಂತುಬಿಟ್ಟಿತು. ಬೂಮ್ ಲಿಫ್ಟ್ ಅಂದರೆ ನಾಲ್ಕು ದೊಡ್ಡ ಟೈರಿನ ಗಾಡಿ, ಅದರ ಮೇಲೆ ಉದ್ದನೆಯ ಕಬ್ಬಿಣದ ತೋಳು, ತೋಳಿನ ತುದಿಗೆ ಇಬ್ಬರು ನಿಲ್ಲುವಂಥ ಬುಟ್ಟಿ. ಎತ್ತರದ ಕಟ್ಟಡಕ್ಕೆ ಬಣ್ಣ ಹೊಡೆಯುವವರು, ಗಾಜು ಕೂರಿಸುವವರು ಬಾಡಿಗೆಗೆ ತರಿಸುತ್ತಾರೆ. ತೂಕ ಹತ್ತು ಟನ್ನಿಗೂ ಹೆಚ್ಚು. ಬ್ರೇಕ್ ಕಚ್ಚಿಕೊಂಡು ಅದು ಹಿಂದಕ್ಕೂ ಬರುತ್ತಿರಲಿಲ್ಲ, ಮುಂದಕ್ಕೂ ಹೋಗುತ್ತಿರಲಿಲ್ಲ.

ಕೆ.ಆರ್. ಪುರದ ಬಾಡಿಗೆ ಯಾರ್ಡಿಗೆ ನಾನು ಮೆಕ್ಯಾನಿಕ್ ಆಗಿ ಸೇರಿ ಆಗ ಐದು ತಿಂಗಳು. ಆರು ತಿಂಗಳು ತಪ್ಪಿಲ್ಲದೆ ಮುಗಿಸಿದರೆ ಕೆಲಸ ಕಾಯಂ ಎಂದು ಹೇಳಿದ್ದರು. ಅದಕ್ಕೆ ಮುಂಚೆ ಶಹಾಪುರದಲ್ಲಿ ಹದಿನಾಲ್ಕು ವರ್ಷ ಟ್ರ್ಯಾಕ್ಟರ್, ಲಾರಿ ರಿಪೇರಿ ಮಾಡಿದ್ದೆ. ನಾನು ಹತ್ತನೇ ತರಗತಿ ಪಾಸಾಗಿದ್ದು ನನ್ನ ಮಗಳು ಮೂರನೇ ಕ್ಲಾಸಿನಲ್ಲಿದ್ದಾಗ. ಆ ಸರ್ಟಿಫಿಕೇಟಿನಿಂದಲೇ ಈ ಕೆಲಸ ಸಿಕ್ಕಿತ್ತು. ಇನ್ನೊಂದು ತಿಂಗಳು ಕಳೆದರೆ ಸಾಕು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ಹೆಂಡತಿ ದಿನ ಹೊಡೆದುಹಾಕುತ್ತಿದ್ದಳು.

ಇಳಿಜಾರಿನ ಕೊನೆಯಲ್ಲಿ ತರಕಾರಿ ಗಾಡಿಗಳ ಸಾಲು. ಮೊದಲನೆಯ ಜಾಗದಲ್ಲಿ ಒಬ್ಬ ಹೆಂಗಸು ಹೂವು ಕಟ್ಟುತ್ತಾ ಕೂತಿದ್ದಳು. ಅಲ್ಲಿಂದಲೇ ಕೂಗಿದಳು.

"ಏನಣ್ಣಾ, ನಿಮ್ ಜಿರಾಫೆ ಮಲ್ಕೊಂಬಿಡ್ತಾ? ಹುಲ್ಲು ಹಾಕ್ಲಾ?"

ನಗಲು ನನಗೆ ಆಗಲಿಲ್ಲ. ಮೇಲಿನ ಕಟ್ಟಡದ ಸೈಟ್ ಎಂಜಿನಿಯರ್ ಆಗಲೇ ಮೂರನೇ ಸಲ ಗಡಿಯಾರ ನೋಡಿದ್ದ.

"ಮೂರೂವರೆಗೆ ಸ್ಕೂಲ್ ವ್ಯಾನ್ ಬರುತ್ತೆ ರೀ. ಅಷ್ಟ್ರಲ್ಲಿ ಎತ್ಲಿಲ್ಲ ಅಂದ್ರೆ ಅಪಾರ್ಟ್‌ಮೆಂಟ್‌ನೋರು ಪೊಲೀಸ್ ಕರೀತಾರೆ."

"ಕರೀಲಿ ಸರ್. ಅವ್ರೂ ಬಂದು ಒಂದ್ ಕೈ ತಳ್ಳಲಿ," ಎಂದರು ಉಸ್ತಾದ್.

ಉಸ್ತಾದ್ ನಮ್ಮ ಯಾರ್ಡಿನ ಹಿರಿಯ ಮೆಕ್ಯಾನಿಕ್. ಶಿವಾಜಿನಗರದಿಂದ ಸ್ಕೂಟರಿನಲ್ಲಿ ಆಗತಾನೇ ಬಂದಿದ್ದರು. ಗಡ್ಡಕ್ಕೆ ಮೆಹಂದಿ, ಜೇಬಿನಲ್ಲಿ ಟಾರ್ಚು. ಗಾಡಿಯ ಕೆಳಗೆ ತೂರಿಕೊಂಡು ಎಡಗಡೆಯ ಹಿಂದಿನ ಚಕ್ರದ ಒಳಮೈ ಸವರಿ ಎದ್ದರು. ಬೆರಳಿಗೆಲ್ಲ ಎಣ್ಣೆ.

"ಎಣ್ಣೆ ತಡೆಯೋ ಒಳಗಿನ ಸೀಲ್ ಹೋಗಿದೆ. ಪ್ರೆಷರ್ ನಿಲ್ತಾ ಇಲ್ಲ."

"ಎಣ್ಣೆ ಸೋರಿದ್ರೆ ಬ್ರೇಕ್ ಫ್ರೀ ಆಗ್ಬೇಕಲ್ವಾ?" ಎಂದ ಎಂಜಿನಿಯರ್.

"ಅದು ಲಾರೀಲಿ ಸರ್. ಇದು ಉಲ್ಟಾ. ಇದ್ರಲ್ಲಿ ಸ್ಪ್ರಿಂಗು ಯಾವಾಗ್ಲೂ ಚಕ್ರ ಹಿಡ್ಕೊಂಡೇ ಇರುತ್ತೆ. ಆಯಿಲ್ ಪ್ರೆಷರ್ ಬಂದು ಸ್ಪ್ರಿಂಗ್ ತಳ್ಳಿದ್ರೇನೇ ಬಿಡೋದು. ಒಂದ್ ಚಕ್ರದಲ್ಲಿ ಸೋರಿದ್ರೂ ಎರಡೂ ಬಿಡಲ್ಲ."

ಆ ಚಕ್ರಕ್ಕೆ ಕೊನೆಗೆ ಕೈ ಹಾಕಿದ್ದವನು ನಾನು.

ಅವತ್ತು ಬೆಳಿಗ್ಗೆ ಜೀವನ್ ಬಿಮಾ ನಗರದ ಸೈಟಿನಲ್ಲಿ ಇದೇ ಗಾಡಿ ಬಿಗಿಬಿಗಿಯಾಗಿ ನಡೆಯುತ್ತಿದೆ ಎಂದು ಆಪರೇಟರ್ ಫೋನ್ ಮಾಡಿದ್ದ. ಹತ್ತಿರದಲ್ಲಿದ್ದವನು ನಾನು, ಒಬ್ಬನೇ ಹೋದೆ. ನಮ್ಮ ಕಡೆ ಟ್ರ್ಯಾಕ್ಟರಿನ ಬ್ರೇಕ್ ಕಚ್ಚಿಕೊಂಡರೆ ಚಕ್ರದ ಒಳಗಡೆಯ ನಿಪ್ಪಲ್, ಅಂದರೆ ಎಣ್ಣೆ ಹೊರಬಿಡುವ ಚಿಕ್ಕ ತಿರುಪು, ಬಿಚ್ಚುತ್ತೇವೆ. ಸಿಕ್ಕಿಕೊಂಡ ಎಣ್ಣೆ ಚಿಮ್ಮಿ ಹೊರಬರುತ್ತದೆ, ಚಕ್ರ ಬಿಡುತ್ತದೆ. ಮತ್ತೆ ಕಚ್ಚದಿರಲಿ ಎಂದು ಅರ್ಧ ಸುತ್ತು ಸಡಿಲವಾಗಿಯೇ ಬಿಟ್ಟು, ಊರು ಮುಟ್ಟಿದ ಮೇಲೆ ಬಿಗಿ ಮಾಡುವುದು ರೂಢಿ. ಈ ಗಾಡಿಗೂ ಹಾಗೆಯೇ ಮಾಡಿದ್ದೆ. ಎಣ್ಣೆ ಚಿಮ್ಮಿತು, ಗಾಡಿ ನಡೆಯಿತು. ಚೆಲ್ಲಿದ ಎಣ್ಣೆಯನ್ನು ಬಟ್ಟೆಯಲ್ಲಿ ಒರೆಸಿ, ಸರಿಯಾಯಿತು ಎಂದು ಯಾರ್ಡಿಗೆ ಹೇಳಿದೆ. ಏನು ಮಾಡಿದೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಧ್ಯಾಹ್ನ ಗಾಡಿಯನ್ನು ಲಾರಿಯಲ್ಲಿ ಈ ರಸ್ತೆಗೆ ತಂದು ಇಳಿಸಿದ್ದರು.

ಸೀಲ್ ಹೋಗಿರಲಿಲ್ಲ. ನಾನು ಬಿಟ್ಟ ಅರ್ಧ ಸುತ್ತು ಏರು ಹತ್ತುವಾಗಿನ ಅದುರಾಟಕ್ಕೆ ಒಂದು ಸುತ್ತೋ ಎರಡು ಸುತ್ತೋ ಆಗಿ ಎಣ್ಣೆಯೆಲ್ಲ ಅಲ್ಲಿಂದ ಹೋಗಿತ್ತು.

ಉಸ್ತಾದ್ ತೀರ್ಮಾನ ಮಾಡಿ ಆಗಿತ್ತು. ಸೈಟಿನ ಕ್ರೇನ್ ತರಿಸಿ ಮೇಲಿನಿಂದ ಚೈನ್ ಕಟ್ಟಿ ಎಳೆಯುವುದು. ಎಳೆಯಬೇಕಾದರೆ ಹಿಂದಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಮುಚ್ಚಳವನ್ನು ಬಿಚ್ಚಿ ತಿರುಗಿಸಿ ಹಾಕಬೇಕು. ಆಗ ಚಕ್ರಕ್ಕೂ ಬ್ರೇಕಿಗೂ ಸಂಬಂಧ ತಪ್ಪಿ ಚಕ್ರ ಸುಮ್ಮನೆ ಉರುಳುತ್ತದೆ. ಆಮೇಲೆ ಆ ಇಳಿಜಾರಿನಲ್ಲಿ ಹತ್ತು ಟನ್ನನ್ನು ಹಿಡಿಯುವುದು ಆ ಚೈನ್ ಒಂದೇ. ಚಕ್ರ ಉರುಳದಂತೆ ಅಡ್ಡ ಕೊಡುವ ಮರದ ತುಂಡು ಯಾರ್ಡಿನಲ್ಲೇ ಉಳಿದಿತ್ತು. ಉಸ್ತಾದ್ ಎರಡು ಸೈಜುಗಲ್ಲು ತಂದು ಟೈರಿನ ಹಿಂದೆ ಇಟ್ಟರು. ಇಟ್ಟು, ಅವನ್ನೇ ಸ್ವಲ್ಪ ಹೊತ್ತು ನೋಡಿದರು.

"ಅಮ್ಮಾ, ಸ್ವಲ್ಪ ಪಕ್ಕಕ್ಕೆ ಕೂತ್ಕೋ," ಎಂದು ಕೆಳಗೆ ಕೂಗಿದರು.

"ಇಪ್ಪತ್ ವರ್ಷದಿಂದ ಇಲ್ಲೇ ಕೂತಿದೀನಿ. ನಿನ್ ಗಾಡಿನೇ ಪಕ್ಕಕ್ಕೆ ಹಾಕು!"

ಕ್ರೇನ್ ಬಂತು. ಚೈನ್ ಕಟ್ಟಿದರು. ಚೈನ್ ಬಿಗಿದು ಕಿರ್ ಎಂದಿತು. ಬಲಗಡೆಯ ಮುಚ್ಚಳವನ್ನು ಉಸ್ತಾದ್ ತಾವೇ ತಿರುಗಿಸಿ ಹಾಕಿದರು. ಈಗ ಗಾಡಿ ನಿಂತಿದ್ದು ಎಡಗಡೆಯ ಒಂದು ಬ್ರೇಕಿನ ಮೇಲೆ.

"ಎಡಗಡೇದು ನೀನ್ ಬಿಚ್ಚು ಬೇಟಾ. ಬಿಚ್ಚಿ ತಕ್ಷಣ ಎದ್ ಬಾ, ಅಲ್ಲೇ ಕೂರ್ಬೇಡ."

ಸ್ಪ್ಯಾನರ್ ಹಿಡಿದು ಕೂತೆ. ಎರಡೇ ಬೋಲ್ಟು. ಅದೇ ಚಕ್ರದ ಹಿಂದೆ ಕೈ ತೂರಿಸಿದರೆ ಆ ನಿಪ್ಪಲ್ ಸಿಗುತ್ತದೆ. ಯಾರಿಗೂ ಕಾಣದಂತೆ ಈಗಲೇ ಬಿಗಿ ಮಾಡಿಬಿಡಲೇ ಎನಿಸಿತು. ಮಾಡಿ, ಇನ್ನೊಂದು ಸಲ ಸ್ಟಾರ್ಟ್ ಮಾಡಿ ನೋಡೋಣ ಎಂದರೆ ಮುಗಿಯಿತು. ಕೈ ಒಳಗೆ ಹೋಯಿತು ಕೂಡ. ಆದರೆ ಬಲಗಡೆಯ ಚಕ್ರ ಆಗಲೇ ಬಿಟ್ಟಿತ್ತು. ಸ್ಟಾರ್ಟ್ ಮಾಡಿದಾಗ ಎಡಗಡೆಯ ಬ್ರೇಕೂ ಬಿಟ್ಟುಬಿಟ್ಟರೆ? ಏನಾಗುತ್ತಿದೆ ಎಂದು ಗೊತ್ತಿಲ್ಲದೆ ಉಸ್ತಾದ್ ಟೈರಿನ ಹಿಂದೆಯೇ ನಿಂತಿದ್ದರು. ಅವರ ಬೆನ್ನ ಹಿಂದೆ ಇಳಿಜಾರು, ಅದರ ಕೊನೆಗೆ ಹೂವಿನ ಬುಟ್ಟಿ.

ಒಂದು ಬೋಲ್ಟ್ ಬಿಚ್ಚಿದೆ. ಎರಡನೆಯದಕ್ಕೆ ಸ್ಪ್ಯಾನರ್ ಹಾಕಿದೆ. ತಿರುಗಿಸದೆ ಹೊರಗೆ ತೆಗೆದೆ.

"ಉಸ್ತಾದ್, ಸೀಲ್ ಹೋಗಿಲ್ರಿ."

"ಕ್ಯಾ?"

"ಮುಂಜಾನಿ ನಾನಾ ನಿಪ್ಪಲ್ ಸಡ್ಲ ಮಾಡೀನ್ರಿ. ಟ್ರ್ಯಾಕ್ಟರಿಗಿ ಮಾಡ್ದಂಗ. ಪೂರಾ ಬಿಗಿ ಮಾಡಿಲ್ರಿ."

ಅವರು ನನ್ನನ್ನು ನೋಡಲಿಲ್ಲ. ಮೊದಲು ಕ್ರೇನಿನವನ ಕಡೆ ಅಂಗೈ ಎತ್ತಿ ಅಲುಗಾಡಬೇಡ ಎಂದು ಸನ್ನೆ ಮಾಡಿದರು. ಬಲಗಡೆಗೆ ಹೋಗಿ ಮುಚ್ಚಳವನ್ನು ಮತ್ತೆ ಮೊದಲಿನಂತೆ ಹಾಕಿ ಬೋಲ್ಟ್ ಬಿಗಿದರು. ನಾನು ಬಿಚ್ಚಿದ್ದ ಬೋಲ್ಟನ್ನೂ ತಾವೇ ಹಾಕಿದರು. ಆಮೇಲೆ ಕೇಳಿದರು.

"ಎಷ್ಟ್ ಬಿಟ್ಟಿದ್ದೆ?"

"ಅರ್ಧ ಸುತ್ತ್ರಿ."

"ಅರ್ಧ ಸುತ್ತು. ನಾನೀಗ ಎಲ್ ನಿಂತಿದ್ದೆ ಗೊತ್ತಾ ನಿಂಗೆ? ಗೊತ್ತಿದ್ದೂ ಮುಚ್ಚಳ ಬಿಚ್ತಾ ಇದ್ಯಾ?"

ನಾನು ಸ್ಪ್ಯಾನರ್ ಕೆಳಗಿಟ್ಟೆ.

ನಿಪ್ಪಲನ್ನು ನನ್ನ ಕೈಯಲ್ಲೇ ಬಿಗಿ ಮಾಡಿಸಿದರು. ಟ್ಯಾಂಕಿಗೆ ಎಣ್ಣೆ ಸುರಿದೆವು. ಪ್ರೆಷರ್ ನೋಡುವ ಗೇಜ್ ಸಿಕ್ಕಿಸಿ ಎಂಜಿನ್ ಹಚ್ಚಿದರು. ಆಪರೇಟರ್ ಬುಟ್ಟಿ ಹತ್ತಿ ಗಾಡಿ ನಡೆಸುವ ಹಿಡಿ ಒತ್ತಿದ. ಗೇಜಿನ ಮುಳ್ಳು ಮೇಲೇರಿತು. ಹಿಂದಿನ ಚಕ್ರಗಳೊಳಗೆ ಟಕ್ ಎಂದಿತು. ಮರುಕ್ಷಣವೇ ಮುಳ್ಳು ಸೊನ್ನೆಗೆ ಬಿದ್ದು ಬ್ರೇಕ್ ಮತ್ತೆ ಹಿಡಿಯಿತು. ನಿಪ್ಪಲ್ ಅಲ್ಲದೆ ಇನ್ನೇನೋ ಇದೆ.

ಉಸ್ತಾದ್ ಬ್ರೇಕಿಗೆ ಎಣ್ಣೆ ಬಿಡುವ ವಾಲ್ವಿನ ವೈರನ್ನು ಮೆಲ್ಲಗೆ ಅಲ್ಲಾಡಿಸಿದರು. ಮುಳ್ಳು ಏರಿತು. ಬಿಟ್ಟರು, ಬಿತ್ತು. ಅದರ ಪ್ಲಗ್ ಸಡಿಲವಾಗಿತ್ತು, ಒಳಗಿನ ಪಿನ್ನುಗಳು ಹಸಿರುಗಟ್ಟಿದ್ದವು.

"ಬೆಳಿಗ್ಗೆ ಇದಕ್ಕೆ ನಿನ್ ಕೈ ತಗುಲಿತ್ತಾ?"

ನಾನು ನೆನಪು ಮಾಡಿಕೊಂಡೆ. "ಒಳಗ ತೂರಾಕ ಈ ವೈರ್ ಹಿಡ್ಕೊಂಡಿದ್ನ್ರಿ."

"ನೀನ್ ವೈರ್ ಹಿಡ್ದಾಗ ಪ್ಲಗ್ ಕೂತ್ಕೊಂಡಿತ್ತು, ಗಾಡಿ ನಡೆದಿದ್ದು ಅದಕ್ಕೆ. ನಿನ್ ನಿಪ್ಪಲ್‌ನಿಂದ ಅಲ್ಲ. ಸುಮ್ನೆ ಹೀರೋ ಆಗಿದ್ದೆ."

ಪಿನ್ ಉಜ್ಜಿ, ಪ್ಲಗ್ ಕೂರಿಸಿ, ತಂತಿಯಿಂದ ಕಟ್ಟಿದರು. ಈ ಸಲ ಮುಳ್ಳು ಏರಿ ಅಲ್ಲೇ ನಿಂತಿತು. ಸ್ಕೂಲ್ ವ್ಯಾನ್ ಆಗಲೇ ಕೆಳಗೆ ಬಂದು ಹಾರ್ನ್ ಹೊಡೆಯುತ್ತಿತ್ತು. ಮಕ್ಕಳು ಕಿಟಕಿಯಿಂದ ತಲೆ ಹಾಕಿ ನೋಡುತ್ತಿದ್ದಂತೆ ನಮ್ಮ ಗಾಡಿ ನಿಧಾನಕ್ಕೆ ಏರು ಹತ್ತಿತು.

ಗಾಡಿ ಮೇಲೆ ಮಟ್ಟಸವಾದ ಜಾಗಕ್ಕೆ ಸೇರಿದ ಮೇಲೆ ಉಸ್ತಾದ್ ಯಾರ್ಡಿಗೆ ಫೋನ್ ಹಚ್ಚಿದರು. "ಸರಿ ಹೋಯ್ತು ಸರ್. ಪ್ಲಗ್ ಸಡ್ಲ ಇತ್ತು. ಇನ್ನೊಂದ್ ಇದೆ, ಅದನ್ನ ಇವ್ನೇ ಹೇಳ್ತಾನೆ," ಎಂದು ಫೋನ್ ನನ್ನ ಕೈಗೆ ಕೊಟ್ಟು ಕೈ ತೊಳೆಯಲು ಹೋದರು.

ಮ್ಯಾನೇಜರಿಗೆ ಎಲ್ಲ ಹೇಳಿದೆ.

"ನೀವ್ ಬಿಚ್ಚಿದ್ದನ್ನ ಯಾರಾದ್ರೂ ನೋಡಿದ್ರಾ?"

"ಇಲ್ರಿ ಸರ."

"ಮತ್ಯಾಕ್ ಹೇಳಿದ್ರಿ?"

"ಚೈನ್ ಕಟ್ಟಿದ್ರು ಸರ, ಉಸ್ತಾದ್ ಗಾಡಿ ಹಿಂದ ನಿಂತಿದ್ರಿ," ಎಂದೆ.

ಕೆಲಸದಿಂದ ತೆಗೆಯಲಿಲ್ಲ. ನನ್ನ ಆರು ತಿಂಗಳು ಅವತ್ತಿನಿಂದ ಮತ್ತೆ ಮೊದಲಾಯಿತು. ಅದನ್ನು ಹೆಂಡತಿಗೆ ಹೇಳಲು ನನಗೆ ಎರಡು ದಿನ ಹಿಡಿಯಿತು.